ಗಲ್ಲಾದ ಹುಡುಗನೂ ಕೈಯೊಳಗಿನ ಫೋನೂ
(ಸಂಘದ ವ್ಯಾಪಾರಿ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ನಮ್ಮ ಕಸುಬಲ್ಲ. ಬ್ಯಾಂಕಿನ ಗುಮಾಸ್ತರಾದ ನಮಗೆ ಜಮಾ ಖರ್ಚಿನ ಮಾತೇ ಸಲೀಸು. ಆದರೂ ಕಾರ್ಯದರ್ಶಿಗಳ ಒತ್ತಾಯಕ್ಕೆ ಮಣಿದು, ಮುಂಬಯಿಯ ನಮ್ಮ ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ಫೋನಿನ ಮೂಲಕ ನಡೆಯುವ ಹಣದ ವ್ಯವಹಾರವನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಹಿರಿಯರು ಊರು ಬಿಟ್ಟು ಬಂದು ಮಾಟುಂಗ, ಫೋರ್ಟುಗಳಲ್ಲಿ ಹೋಟೆಲು ತೆರೆದ ಕಾಲದಲ್ಲಿ ಗಲ್ಲಾ ಪೆಟ್ಟಿಗೆಗೆ ಒಂದೇ ಬೀಗ. ಬೀಗದ ಕೈ ಧಣಿಗಳ ಸೊಂಟದಲ್ಲಿ. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಆ ಪೆಟ್ಟಿಗೆ ಹಲವು ಕೈಗಳಿಗೆ ಹಂಚಿಹೋಗಿದೆ. ಗೋಡೆಯ ಕ್ಯೂಆರ್ ಚೀಟಿಯೂ ಗಲ್ಲಾ, ಧಣಿಗಳ ಫೋನೂ ಗಲ್ಲಾ, ಲೆಕ್ಕ ಬರೆಯುವವರ ಇಮೇಲೂ ಗಲ್ಲಾ.

ಮಧ್ಯಾಹ್ನ ಒಂದು ಗಂಟೆಯ ಗದ್ದಲವನ್ನು ನೆನೆಯಿರಿ. ಊಟ ಮುಗಿಸಿದ ಗಿರಾಕಿ ಫೋನೆತ್ತಿ ಹಸುರು ಗುರುತು ತೋರಿಸಿ ಹೊರಟೇಬಿಡುತ್ತಾನೆ. ಅಂಥ ಗುರುತನ್ನು ಹುಸಿಯಾಗಿ ಮೂಡಿಸುವ ಆ್ಯಪುಗಳೂ ಉಂಟು. ಹಣ ಬಂತೆಂಬುದಕ್ಕೆ ಸಾಕ್ಷಿ ಕೊಟ್ಟವನ ಫೋನಲ್ಲ, ಪಡೆದವರ ಖಾತೆ. ಸೌಂಡ್‌ಬಾಕ್ಸು ಮೊತ್ತವನ್ನು ಕೂಗುವವರೆಗೆ, ಇಲ್ಲವೇ ನಮ್ಮದೇ ಆ್ಯಪಿನಲ್ಲಿ ಜಮೆ ಕಾಣುವವರೆಗೆ, "ಜರಾ ರುಕಿಯೇ ಸಾಬ್" ಎನ್ನುವ ಅಧಿಕಾರ ಗಲ್ಲಾದ ಹುಡುಗನಿಗೆ ಇರಬೇಕು. ಗಿರಾಕಿ ಗೊಣಗಿದರೆ ಧಣಿಗಳು ಹುಡುಗನ ಪಕ್ಷ ವಹಿಸಬೇಕು. ಅವನನ್ನೇ ಗದರಿದರೆ ನಾಳೆಯಿಂದ ಅವನು ಯಾರನ್ನೂ ನಿಲ್ಲಿಸನು.

೨೦೨೫ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹಲವು ಅಂಗಡಿಗಳ ಕ್ಯೂಆರ್ ಮೇಲೆ ಯಾರೋ ರಾತ್ರೋರಾತ್ರಿ ತಮ್ಮ ಚೀಟಿ ಅಂಟಿಸಿ ಹೋಗಿದ್ದರು. ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಹೊತ್ತಿಗೇ ನಮ್ಮ ಚೀಟಿಯನ್ನು ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ಹೆಸರು ನೋಡಿಬಿಡುವುದು ಒಳ್ಳೆಯದು.

"ಐವತ್ತು ಊಟದ ಪಾರ್ಸೆಲ್ ಬೇಕು, ಮುಂಗಡ ಕಳಿಸುತ್ತೇನೆ" ಎಂದು ಫೋನು ಬರುತ್ತದೆ. ಕರೆದವನು ತಾನು ಸೈನ್ಯದವನೆಂದು ಹೇಳಿಕೊಳ್ಳುವುದೂ ಉಂಟು. ಹಿಂದೆಯೇ ಒಂದು ಕ್ಯೂಆರ್ ಚಿತ್ರ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆನ್ನುತ್ತಾನೆ. ಹಣ ಪಡೆಯಲು ಪಿನ್ ಬೇಕೇ ಇಲ್ಲ. ಅಂಥಲ್ಲಿ ಪಿನ್ ಒತ್ತಿದರೆ ಹೋಗುವುದು ನಮ್ಮ ಹಣ. ಈ ಮಾತನ್ನು ಅಡಿಗೆಯವರಿಂದ ಹಿಡಿದು ಎಲ್ಲರಿಗೂ ಕುಂದಗನ್ನಡವೋ ತುಳುವೋ, ಅವರವರ ಮನೆಮಾತಿನಲ್ಲಿ ತಿಳಿಯಹೇಳಬೇಕು.

ದಿನಸಿ ಪೂರೈಸುವವರ ಖಾತೆ ಬದಲಾಗಿದೆಯೆಂದು ಸಂದೇಶ ಬಂದರೆ, ಅದರಲ್ಲಿರುವ ಸಂಖ್ಯೆಗಲ್ಲ, ನಮ್ಮ ಹಳೆಯ ವಹಿಯಲ್ಲಿರುವ ಸಂಖ್ಯೆಗೆ ಕರೆದು ಕೇಳಬೇಕು. ಮದುವೆಯ ಕರೆಯೋಲೆಯೆಂದೋ, ವಾಹನದ ದಂಡವೆಂದೋ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲನ್ನು ವ್ಯಾಪಾರದ ಫೋನಿನಲ್ಲಿ ತೆರೆಯಲೇಬಾರದು. ಒಳಹೊಕ್ಕ ಮೇಲೆ ಅದು ನಮ್ಮ ಒಟಿಪಿಗಳನ್ನು ಕದ್ದು ಓದಬಲ್ಲದು.

ಇಷ್ಟು ಮಾಡಿಯೂ ಮೋಸ ನಡೆಯಬಹುದು. ಆಗ ಏನು ಮಾಡಬೇಕೆಂಬುದನ್ನು ಹೇಳುವುದಕ್ಕಾಗಿಯೇ ನಾವು ಇಲ್ಲಿ ನಿಂತದ್ದು. ಕಡಿಮೆ ಬಿದ್ದ ಹಣವನ್ನು ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿ ಕೆಲವು ಕಡೆ ಇದೆ. ಊರಿಗೆ ತಿಂಗಳು ತಿಂಗಳು ಹಣ ಕಳಿಸಬೇಕಾದ ಹುಡುಗ, ಆ ಭಯಕ್ಕೆ ವಿಷಯವನ್ನು ರಾತ್ರಿಯವರೆಗೆ, ಕೆಲವೊಮ್ಮೆ ತಿಂಗಳ ಲೆಕ್ಕ ಮುಗಿಯುವವರೆಗೆ ಮುಚ್ಚಿಡುತ್ತಾನೆ. ಕಳ್ಳನಿಗೆ ಬೇಕಾದುದೂ ಆ ಬಿಡುವೇ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿ ಎಟಿಎಮ್ಮಿನಿಂದ ಹೊರಬೀಳಲು ಹೆಚ್ಚು ಹೊತ್ತು ಹಿಡಿಯದು. ಹಾಗೆ ಹೊರಬೀಳುವ ಮೊದಲೇ, ದೂರಿನ ಮೇರೆಗೆ ಅದನ್ನು ಆಯಾ ಬ್ಯಾಂಕುಗಳಲ್ಲಿ ತಡೆಹಿಡಿಯುವ ಸರಕಾರದ ಏರ್ಪಾಡು ೨೦೨೧ರಿಂದ ಇದೆ. ಅದರ ಫೋನು ಸಂಖ್ಯೆ ಈಗ ೧೯೩೦. ತಮ್ಮ ಬ್ಯಾಂಕಿಗೂ ಒಡನೆಯೇ ತಿಳಿಸಬೇಕು. ಹುಡುಗ ಹೆದರದೆ ಬಂದು ಹೇಳಿದರೆ ತಾನೇ ಈ ಕರೆ ಹೋಗುವುದು? ಸಂಬಳ ಮುರಿಯುವ ರೂಢಿಯನ್ನು ಬಿಟ್ಟುಕೊಡಿರೆಂದು ಧಣಿಗಳನ್ನು ಕೈಮುಗಿದು ಬೇಡುತ್ತೇವೆ. ಇದು ಬ್ಯಾಂಕಿನವರು ಆಡುವ ಮಾತಲ್ಲವೆಂದು ಕೆಲವರಿಗೆ ಅನಿಸಬಹುದು, ಅನಿಸಲಿ.

ಆ ಸಂಖ್ಯೆಯನ್ನು ಇವತ್ತೇ ಗಲ್ಲಾದ ಹಿಂದಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಡಿ. ಫೋನಿನಲ್ಲಿ ಏನಾದರೂ ತಿಳಿಯದಿದ್ದರೆ, ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಸಂಘದ ಕಾರ್ಯಾಲಯದಲ್ಲಿ ನಾವು ಇರುತ್ತೇವೆ. ಫೋನು ತನ್ನಿ, ಹುಡುಗರನ್ನೂ ಕರೆತನ್ನಿ. ಪಿನ್ನನ್ನು ಮಾತ್ರ ನಮಗೂ ಹೇಳಬೇಡಿ.