ಮಗಳ ಡಿಸೈನ್ ಓದಿಗೆ ಪಹಣಿ ಇಡಬೇಕೆ?

(ಹಳ್ಳಿಗಳಿಂದ ಬಂದು ಬೆಂಗಳೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಗಳು ಒಂದು ಭಾನುವಾರ ಕತ್ರಿಗುಪ್ಪೆಯಲ್ಲಿ ಸೇರಿದ್ದಾಗ ಆಡಿದ ಮಾತು. ಪತ್ರಿಕೆಯ ಓದುಗರಿಗಾಗಿ ಕೆಲವು ಲೆಕ್ಕಗಳನ್ನು ಸೇರಿಸಿ ಬರೆದುಕೊಟ್ಟಿದ್ದೇನೆ.)



ನಾನು ಓದಿದ್ದು ನಮ್ಮೂರ ಹೈಸ್ಕೂಲಿನವರೆಗೆ. ಅಲ್ಲಿಂದಾಚೆಗೆ ಹಿಪ್ಪುನೇರಳೆ ತೋಟ, ಹುಳುಮನೆ, ಸೊಸೈಟಿ, ಸಂಘ, ಇಷ್ಟೇ ನನ್ನ ವಿಶ್ವವಿದ್ಯಾಲಯ. ಆದ್ದರಿಂದ ಮಕ್ಕಳು ಏನು ಓದಬೇಕು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಆ ಓದಿಗೆ ಬ್ಯಾಂಕಿನವರು ಪಹಣಿ ಕೇಳುತ್ತಾರೆ ನೋಡಿ, ಪಹಣಿ ಮಾತು ಬಂದ ಮೇಲೆ ನಾನೂ ಮಾತಾಡಬಹುದು, ನೀವೂ ಮಾತಾಡಬಹುದು.

ನನ್ನ ತಮ್ಮನ ಮಗಳು ಇಲ್ಲೇ ಕತ್ರಿಗುಪ್ಪೆ ವಾಟರ್ ಟ್ಯಾಂಕ್ ಹತ್ತಿರ ಒಂದು ಪಿ.ಜಿ.ಯಲ್ಲಿದ್ದಾಳೆ. ಕಾಲೇಜು ದೂರ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಗುಪ್ಪೆ ಅಂದರೆ ನಮಗೆ ಗೊಬ್ಬರದ ಗುಪ್ಪೆ ಗೊತ್ತು. ಇದೂ ಒಂದು ಕಾಲಕ್ಕೆ ಹಳ್ಳಿಯೇ, ಆಮೇಲೆ ಬನಶಂಕರಿ ಮೂರನೇ ಹಂತ ಅಂತ ಬಡಾವಣೆಯಾಯಿತು. ಈಗ ಇಲ್ಲಿ ಮನೆಮನೆಗೂ ಪಿ.ಜಿ. ಬೋರ್ಡು. ರಿಂಗ್ ರಸ್ತೆಯಲ್ಲಿ ಹೊಸಕೆರೆಹಳ್ಳಿ ಕಡೆಗೆ ಹೋದರೆ ಪಿಇಎಸ್ ಇದೆ. 1988ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿ 2013ರಲ್ಲಿ ವಿಶ್ವವಿದ್ಯಾಲಯವೇ ಆಯಿತು, ಅಲ್ಲೂ ಈಗ ಡಿಸೈನ್ ಪದವಿ ಇದೆ. ಬೆಂಗಳೂರಿನ ತುಂಬಾ ಇಂಥ ಕೋರ್ಸುಗಳು. ನಮ್ಮ ಹುಡುಗಿ ಸೇರಿರುವುದೂ ಅದಕ್ಕೇ: ನಾಲ್ಕು ವರ್ಷದ ಬಿ.ಡೆಸ್., ಪ್ರಾಡಕ್ಟ್ ಡಿಸೈನ್. ಜೊತೆಗೆ ಉದ್ಯಮಶೀಲತೆ ಅಂತ ಒಂದು ವಿಷಯ.

ಅವಳು ಸೇರುವಾಗ ನನ್ನ ತಮ್ಮ ಇದನ್ನು ಸೀರೆ ಅಂಚಿನ ಡಿಸೈನ್ ಅಂತಲೇ ತಿಳಿದಿದ್ದ. ನಾನು ಅವನಿಗಿಂತ ದಡ್ಡ, ರಂಗೋಲಿ ಓದಕ್ಕೆ ಇಷ್ಟು ದುಡ್ಡೇ ಅಂದೆ. ಅವಳು ನಗಲಿಲ್ಲ. ಒಳಗೆ ಹೋಗಿ ಒಂದು ಚೊಂಬು ತಂದು ನನ್ನ ಮುಂದಿಟ್ಟಳು. "ಇದನ್ನ ಯಾಕೆ ಹೀಗೆ ಮಾಡಿದಾರೆ ಹೇಳಿ ದೊಡ್ಡಪ್ಪ. ಕತ್ತು ಯಾಕೆ ಸಣ್ಣ? ಬಾಯಿ ಯಾಕೆ ಅಗಲ?" ಅಂದಳು. ಐವತ್ತು ವರ್ಷ ಅದರಲ್ಲೇ ನೀರು ಕುಡಿದವನು, ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಆಮೇಲೆ ಗೊತ್ತಾಯಿತು, ಆ ಚೊಂಬಿನ ಮಾತು ಅವಳದಲ್ಲ. ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಅಂತ ಅಮೆರಿಕದ ದಂಪತಿಗಳನ್ನು ಭಾರತ ಸರ್ಕಾರ ಕರೆಸಿಕೊಂಡಿತ್ತು. ಅವರು 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಬಹುವಾಗಿ ಮೆಚ್ಚಿಕೊಂಡ ವಸ್ತು ನಮ್ಮ ಚೊಂಬು. ತಲೆ ಮೇಲೆ ಹೊರುವವರು, ಸೊಂಟದಲ್ಲಿಡುವವರು, ಬಗ್ಗಿಸಿ ನೀರು ಬಿಡುವವರು, ಕೊಳ್ಳುವವರ ಕೈಲಿರುವ ಕಾಸು, ಎಲ್ಲವನ್ನೂ ತಲೆಮಾರುಗಳ ಕಾಲ ತೂಗಿ ತೂಗಿ ಆದ ಆಕಾರ ಅದು ಅಂತ ಅವರ ಅಭಿಪ್ರಾಯ. ಆ ವರದಿಯ ನಂತರ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಅಂದರೆ ನಮ್ಮ ಅಡಿಗೆಮನೆಯ ಚೊಂಬೂ ಸೇರಿಕೊಂಡು ಎಬ್ಬಿಸಿದ ಓದು ಇದು. ಅದಕ್ಕೆ ಈಗ ನಾವೇ ಸಾಲ ಮಾಡಿ ಫೀಸು ಕಟ್ಟಬೇಕು!

ಚೊಂಬು ಬಿಡಿ, ಕೂರಿಗೆ ನೋಡಿ. ಬೀಜ ಸಾಲಿಗೆ ಸರಿಯಾಗಿ, ಒಂದೇ ಆಳಕ್ಕೆ ಬೀಳುವಂತೆ ಮರದಲ್ಲೂ ಬಿದಿರಿನಲ್ಲೂ ಮಾಡಿದ ಯಂತ್ರ. 18ನೇ ಶತಮಾನದ ಕೊನೆಗೆ ಹಾಲ್ಕಟ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ದಕ್ಷಿಣ ಭಾರತದ ಕೂರಿಗೆಯನ್ನು ನೋಡಿ ಬೆರಗಾಗಿ ತನ್ನ ದೇಶದ ಕೃಷಿ ಮಂಡಳಿಗೆ ಬರೆದು ಕಳಿಸಿದ. ಅದನ್ನು ಮಾಡಿದ ಬಡಗಿಯ ಹೆಸರು ಯಾರಿಗೂ ಗೊತ್ತಿಲ್ಲ. ಅವನು ನಮ್ಮ ಜಗಲಿ ಮೇಲೆ ಕೂತು, ಹೊಲ ನೋಡಿ, ಎತ್ತಿನ ಎತ್ತರ ನೋಡಿ ಮಾಡಿಕೊಟ್ಟು ಕಣದಲ್ಲಿ ಕಾಳು ಇಸಕೊಂಡು ಹೋದವನು. ಬಡಗಿಯೂ ಹೋದ, ಕಮ್ಮಾರನೂ ಹೋದ. ಈಗ ನಮ್ಮ ಕೈಗೆ ಬರುವ ಉಪಕರಣ ಮಾಡಿದವನು ನಮ್ಮ ಹೊಲ ನೋಡಿದವನಲ್ಲ.

ನೋಡಿದವರೂ ಇದ್ದಾರೆ, ಇಲ್ಲ ಅನ್ನಬಾರದು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅಂತ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿ ಹಳ್ಳಿ ಹೆಂಗಸರು ಒಲೆ ಮುಂದೆ ಪಡುವ ಪಾಡು ನೋಡಿ, ಸೌದೆಯೂ ಹೊಗೆಯೂ ಕಡಿಮೆಯಾಗುವ ಅಸ್ತ್ರ ಒಲೆ ಮಾಡಿದರು. ಅದು ಡಿಸೈನ್. ನಮ್ಮ ಮಗು ಅಂಥದ್ದು ಕಲಿಯುತ್ತದೆ ಅನ್ನುವುದಾದರೆ ಬೇಡ ಅನ್ನೋರು ಯಾರು?

ಮೊದಲ ಎರಡು ವರ್ಷ ಅವಳು ಮಾಡಿದ್ದು ಮೊಬೈಲ್ ಇಡುವ ಸ್ಟ್ಯಾಂಡು, ಟೇಬಲ್ ದೀಪ, ಕಾಫಿ ಲೋಟ. ಚೆನ್ನಾಗಿಯೇ ಇದ್ದವು. ಮೂರನೇ ವರ್ಷ ರಜಕ್ಕೆ ಬಂದಾಗ ಮನೆಯಲ್ಲಿ ಹುಳು ಹಣ್ಣಾಗಿತ್ತು. ರೇಷ್ಮೆ ಬೆಳೆಯದ ಓದುಗರಿಗೆ ಹೇಳಬೇಕು: ಹುಳು ಹಣ್ಣಾದರೆ ಗೂಡು ಕಟ್ಟಲು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ 6 ಅಡಿ ಉದ್ದ 4 ಅಡಿ ಅಗಲದ ಬಿದಿರಿನ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಒಂದರ ಮೇಲೆ ಸುಮಾರು ಸಾವಿರ ಹುಳು. ಬೆಳೆಗೆ ಅದು ಬೇಕಾಗುವುದು ಐದಾರು ದಿನ ಮಾತ್ರ, ಮಿಕ್ಕ ದಿನ ಅದನ್ನು ಇಡಲಿಕ್ಕೇ ಜಾಗವಿಲ್ಲ. ಹಾಗಾಗಿ ಎಷ್ಟೋ ಜನ ಬಾಡಿಗೆಗೆ ತರುತ್ತಾರೆ. ಒಬ್ಬರ ಮನೆ ರೋಗ ಚಂದ್ರಿಕೆ ಜೊತೆ ಇನ್ನೊಬ್ಬರ ಮನೆಗೆ ಬರುತ್ತದೆ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ, ಅದಕ್ಕೆ ಅದರದೇ ತಾಪತ್ರಯ.

ಆ ಮಧ್ಯಾಹ್ನ ಹುಡುಗಿ ಒಂದು ನೋಟ್‌ಬುಕ್ ಹಿಡಕೊಂಡು ಹುಳುಮನೆ ಬಾಗಿಲಲ್ಲಿ ಕೂತಳು. ಸಾಯಂಕಾಲ ಎದ್ದು ಬಂದು ಹೇಳಿದಳು: "ದೊಡ್ಡಪ್ಪ, ಅಮ್ಮ ಇವತ್ತು ನೂರಾ ನಲವತ್ತು ಸಲ ಬಗ್ಗಿ ಎದ್ದಳು. ನೀವೂ ಅಪ್ಪನೂ ಚಂದ್ರಿಕೆ ಒರಗಿಸೋಕೆ ಇಬ್ಬಿಬ್ಬರು ಬೇಕಾಯಿತು. ಅಮ್ಮ ಒಬ್ಬಳೇ ಎತ್ತೋ ಹಾಗೆ ಇದ್ದಿದ್ದರೆ?" ನಾನು ಇಷ್ಟು ವರ್ಷ ವೇದಿಕೆ ಹತ್ತಿ ಗೂಡಿನ ರೇಟಿನ ಬಗ್ಗೆ ಕೂಗಿದವನು. ತಮ್ಮನ ಹೆಂಡತಿಯ ಬೆನ್ನಿನ ಲೆಕ್ಕ ಎಂದೂ ಹಾಕಿರಲಿಲ್ಲ. ಸತ್ಯವಾಗಿ ಹೇಳ್ತೀನಿ, ನಾಚಿಕೆಯಾಯಿತು.

ಅವಳು ರಟ್ಟಿನಲ್ಲಿ, ತೆಳು ಬಿದಿರಿನಲ್ಲಿ ಮಡಿಚಿಡುವಂಥ ಚಂದ್ರಿಕೆ ಮಾಡಿದಳು. ಮೊದಲನೆಯದರಲ್ಲಿ ಸಂದು ಅಗಲವಾಗಿ ಹುಳುಗಳೆಲ್ಲ ನೆಲಕ್ಕೆ ಬಿದ್ದವು. ಹುಳು ಯಾರ ಡಿಗ್ರಿಯನ್ನೂ ಕೇಳುವುದಿಲ್ಲ. ಎರಡನೆಯದರಲ್ಲಿ ಸಂದು ಕಿರಿದಾಗಿ ಜೋಡಿ ಗೂಡು ಜಾಸ್ತಿ ಆದವು. ಜೋಡಿ ಗೂಡಿಗೆ ಮಾರುಕಟ್ಟೆಯಲ್ಲಿ ಏನು ಮರ್ಯಾದೆ ಅಂತ ನಿಮಗೇ ಗೊತ್ತು. ನಮ್ಮಮ್ಮ ನೋಡಿ, "ಅಂಚಿಗೆ ಒಂದು, ನಡುವಿಗೆ ಒಂದು ಅಳತೆ ಇಡು ಮಗಾ" ಅಂದಳು. ಮೂರನೆಯದು ಆ ಅಳತೆಯದು.

ಇನ್ನು ಉದ್ಯಮಶೀಲತೆಯ ಪಾಠ. ಅಲ್ಲಿ ಕಲಿಸುವ ಮೊದಲ ಲೆಕ್ಕ ಏನು ಗೊತ್ತೇ? ಒಂದು ವಸ್ತು ಮಾಡಿದರೆ ಸಾಮಗ್ರಿ ಎಷ್ಟು, ಕೂಲಿ ಎಷ್ಟು, ತನ್ನ ಸ್ವಂತ ದುಡಿಮೆಗೆ ಸಂಬಳ ಎಷ್ಟು, ಜಾಗದ ಬಾಡಿಗೆ, ಸಲಕರಣೆಯ ಸವೆತ, ಸಾಗಣೆ, ಹಾಕಿದ ಬಂಡವಾಳಕ್ಕೆ ಬಡ್ಡಿ, ಅದರ ಮೇಲೆ ಲಾಭ. ಕೂಡಿಸಿ ಬೆಲೆ ಬರೆ, ಗಿರಾಕಿ ಕೊಡ್ತಾನಾ ನೋಡು, ಕೊಡದಿದ್ದರೆ ವಸ್ತು ಬದಲಾಯಿಸು. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರೆ. ನಾವು ವೈಜ್ಞಾನಿಕ ಬೆಲೆ ಅಂತ ಇಷ್ಟು ವರ್ಷ ಕೇಳಿದ್ದು ಇದನ್ನೇ ಅಲ್ಲವೇ? ನಾವು ಕೇಳಿದರೆ ಚಳವಳಿ, ಅವರು ಬರೆದರೆ ಪಠ್ಯ.

ಅವಳೇ ಒಂದು ದಿನ ನಮ್ಮ ಗೂಡಿಗೂ ಆ ನಮೂನೆಯಲ್ಲಿ ಲೆಕ್ಕ ಬರೆದಳು. ಗೊಬ್ಬರ, ಚಾಕಿ ಹುಳು, ಕರೆಂಟು, ಕೂಲಿ ಇಷ್ಟು ಬರೆದಾಗ ಲಾಭ ಕಂಡಿತು. ಅವಳಮ್ಮನ ದುಡಿಮೆ, ನೆಲದ ಬಾಡಿಗೆ, ಹುಳುಮನೆ ಸಾಲದ ಬಡ್ಡಿ ಸೇರಿಸಿದಾಗ ಲಾಭ ಮಾಯ. 2006ರಲ್ಲೇ ಸ್ವಾಮಿನಾಥನ್ ಅವರ ರೈತ ಆಯೋಗ ಖರ್ಚಿನ ಮೇಲೆ ಅರ್ಧದಷ್ಟು ಸೇರಿಸಿ ಬೆಲೆ ಕೊಡಿ ಅಂದಿತು. ರೇಷ್ಮೆಗೂಡಿಗೆ ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ಜಾಗವೇ ಇಲ್ಲ. "ಹಾಗಾದರೆ ರಾಮನಗರದಲ್ಲಿ ಹರಾಜು ಕೂಗುವಾಗ ನಮ್ಮ ಬೆಲೆ ಬರೆಯೋರು ಯಾರು?" ಅಂದಳು. ರೀಲರುಗಳು ಕಣಮ್ಮ, ಅಂದೆ.

ಅವಳ ಮೇಷ್ಟರು ಕ್ಲಾಸಿನಲ್ಲಿ, ಅಪಾಯಕ್ಕೆ ಎದೆಗೊಡುವವನೇ ಉದ್ಯಮಿ ಅಂದರಂತೆ. ಹಾಗಾದರೆ ಪ್ರತಿ ಬೆಳೆಗೂ ಎದೆಗೊಡುವ ನಾವೆಲ್ಲ ಉದ್ಯಮಿಗಳೇ. ಬೆಲೆ ಬರೆಯುವ ಅಧಿಕಾರ ಒಂದು ಇಲ್ಲ, ಅಷ್ಟೇ.

ಈಗ ಸಾಲದ ಲೆಕ್ಕ. ಇದನ್ನು ದಯವಿಟ್ಟು ಪೆನ್ಸಿಲ್ ಹಿಡಕೊಂಡು ಓದಿ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಶೇಕಡ 10 ಬಡ್ಡಿ, ಸರಳ ಬಡ್ಡಿಯೇ ಇರಲಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅನ್ನುತ್ತಾರೆ, ನಾವು ಬಡ್ಡಿಯೂ ಇಲ್ಲ ಅಂದುಕೊಳ್ಳುತ್ತೇವೆ. ಬಡ್ಡಿ ನಡೀತಾನೇ ಇರುತ್ತೆ. ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 1,25,000. ಎರಡನೆಯದಕ್ಕೆ 1 ಲಕ್ಷ, ಮೂರನೆಯದಕ್ಕೆ 75,000, ನಾಲ್ಕನೆಯದಕ್ಕೆ 50,000. ಒಟ್ಟು ಮೂರೂವರೆ ಲಕ್ಷ. ಕಂತು ಶುರುವಾಗುವ ದಿನ ಸಾಲ ಹದಿಮೂರೂವರೆ ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 17,800 ರೂಪಾಯಿ. ಎಷ್ಟು ಕೆ.ಜಿ. ಗೂಡು, ನೀವೇ ಹೇಳಿ.

ಕೆಲಸಕ್ಕೆ ಸೇರಿದರೆ ಹೇಗೋ ಕಟ್ಟಬಹುದು. ಆದರೆ ಅವಳು ಕಲಿತಿರುವುದು ಸ್ವಂತ ಉದ್ಯಮ ಮಾಡುವುದನ್ನು. ಉದ್ಯಮದಲ್ಲಿ ಮೊದಲ ಎರಡು ಮೂರು ವರ್ಷ ಕೈಗೆ ಸಂಬಳ ಇರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ಒಂದೇ ವರ್ಷಕ್ಕೆ ಬಂದು ಬಾಗಿಲು ತಟ್ಟುತ್ತದೆ. ಪಕ್ಕದ ಬೆಂಚಿನ ಹುಡುಗನಿಗೆ ಜಯನಗರದಲ್ಲಿ ಸ್ವಂತ ಮನೆ, ಅವನಪ್ಪ ಫೀಸು ಕಟ್ಟಿದ್ದಾನೆ. ಅವನು ಮೂರು ವರ್ಷ ಸೋತರೂ ತಡೆದುಕೊಳ್ಳುತ್ತಾನೆ. ನಮ್ಮ ಹುಡುಗಿ ಒಂದು ಸಲ ಸೋತರೆ ಬ್ಯಾಂಕಿನವನು ಬಂದು ನಿಲ್ಲುವುದು ನನ್ನ ತಮ್ಮನ ಹೊಲದಲ್ಲಿ. ಇಬ್ಬರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಸಾಲವೇ ಅವಳನ್ನು ಉದ್ಯಮದಿಂದ ನೌಕರಿಗೆ ತಳ್ಳುತ್ತದೆ, ಚಂದ್ರಿಕೆ ಮೂಲೆಗೆ ಬೀಳುತ್ತದೆ. ರಾಜ್ಯ ಸರ್ಕಾರ 2017ರಿಂದ ಎಲಿವೇಟ್ ಯೋಜನೆಯಲ್ಲಿ ಹೊಸ ಕಂಪನಿಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತಾ ಬಂದಿದೆ, ಒಳ್ಳೆಯದು. ಆದರೆ ಅದು ಕಂಪನಿ ಕೆಲಸದ ದುಡ್ಡು, ಓದಿನ ಸಾಲ ತೀರಿಸಲು ಬರುವುದಿಲ್ಲ.

ಅದಕ್ಕೇ ಸೀಟು ಹಿಡಿಯುವ ಮುಂಚೆ ಕೇಳಿ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಆಸ್ತಿ ಅಡಮಾನ ಕೇಳುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿಯಲ್ಲಿ ಅಡಮಾನವಿಲ್ಲದೆ ಸಾಲವುಂಟು. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದ ಬಡ್ಡಿಯಲ್ಲಿ ಶೇಕಡ 3 ರಿಯಾಯಿತಿ. ಆದರೆ ಕಾಲೇಜು ಅವರ ಪಟ್ಟಿಯಲ್ಲಿರಬೇಕು, ಮ್ಯಾನೇಜ್‌ಮೆಂಟ್ ಕೋಟಾದ ಸೀಟು ನಡೆಯುವುದಿಲ್ಲ. ನಾವು ಇದ್ಯಾವುದನ್ನೂ ಕೇಳಲಿಲ್ಲ. ದಾಖಲಾತಿ ದಿನ ಆಫೀಸಿನಲ್ಲಿ ಟೈ ಕಟ್ಟಿಕೊಂಡಿದ್ದ ಹುಡುಗ ಕಾಫಿ ಕೊಟ್ಟ, ನನ್ನ ತಮ್ಮ ಕರಗಿಹೋದ. ಕಾಲೇಜಿನ ಹೆಸರು ಬೇಡ, ತಪ್ಪು ನಮ್ಮದೂ ಇದೆ.

ಇನ್ನೊಂದು ಮಾತು, ನನಗೇ ಇದರಲ್ಲಿ ಗೊಂದಲವಿದೆ. 1993ರ ಅಕ್ಟೋಬರ್ 2ರಂದು ಕಬ್ಬನ್ ಪಾರ್ಕಿನಲ್ಲಿ ಬೀಜ ಸತ್ಯಾಗ್ರಹ ನಡೆದಾಗ ಪೇಟೆಂಟಿಗೆ ಧಿಕ್ಕಾರ ಕೂಗಿದವರಲ್ಲಿ ನಾನೂ ಒಬ್ಬ. ಈಗ ಹುಡುಗಿ ಹೇಳುತ್ತಾಳೆ, 2000ದ ವಿನ್ಯಾಸ ಕಾಯ್ದೆಯಲ್ಲಿ ಚಂದ್ರಿಕೆಯ ಆಕಾರ ನೋಂದಾಯಿಸಿದರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ಹಕ್ಕು ಇರುತ್ತದಂತೆ. ನೋಂದಣಿಗೆ ಮುಂಚೆ ಪ್ರದರ್ಶನದಲ್ಲಿಟ್ಟರೆ ಆ ಹಕ್ಕು ಕೈತಪ್ಪಬಹುದಂತೆ. ಅಜ್ಜಿ ಹೇಳಿದ ಅಳತೆಗೆ ಯಾರ ಹೆಸರಲ್ಲಿ ಹಕ್ಕು ಅಂತ ನಾನು ಕೇಳಿದೆ. ಅವಳು ಅರ್ಜಿ ಹಾಕಿಲ್ಲ, ಯೋಚನೆ ಮಾಡುತ್ತಿದ್ದಾಳೆ. ಹಾಕದಿದ್ದರೆ ಯಾವನೋ ಪ್ಲಾಸ್ಟಿಕ್ ಕಂಪನಿಯವನು ನೋಡಿ ಅಚ್ಚು ಹೊಡೆದು ನಮಗೇ ಮಾರುತ್ತಾನೆ, ಅದೂ ಗೊತ್ತು. ವಿದ್ಯಾರ್ಥಿ ಮಾಡಿದ ಕೆಲಸ ವಿದ್ಯಾರ್ಥಿಯದೋ ಕಾಲೇಜಿನದೋ, ಇದನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಡಿಗ್ರಿ ಇಲ್ಲದೆಯೂ ಆಗುವುದಿಲ್ಲವೇ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಆಗುತ್ತದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಡಿಸೈನ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹುಣಸೆ ಬೀಜ ಬಿಡಿಸುವ ಯಂತ್ರ, ಬಿತ್ತನೆ ಕೂರಿಗೆ ಎಲ್ಲ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಆದರೆ ಅಂಥ ತಲೆ ಜಿಲ್ಲೆಗೊಂದು ಸಿಕ್ಕರೆ ಹೆಚ್ಚು. ನಮ್ಮ ಮಕ್ಕಳು ಸಾಧಾರಣ ಬುದ್ಧಿಯ ಮಕ್ಕಳು, ಅವರಿಗೆ ಕಲಿಸುವವರು ಬೇಕು.

ಕೊನೆಯ ವರ್ಷದ ಫೀಸಿಗೆ ಬ್ಯಾಂಕು ತಮ್ಮನ ಎರಡು ಎಕರೆ ಕೇಳಿದೆ. ಅವನು ಇನ್ನೂ ಸಹಿ ಹಾಕಿಲ್ಲ. ನಾನು ಬೇಡ ಅಂದೆ, ಮನೆ ಮಂದಿ ಕೂಡಿಸಿದರೆ ಅರ್ಧ ಆಗುತ್ತೆ, ಅಷ್ಟಕ್ಕೇ ಸಾಲ ಸಣ್ಣದಾಗಲಿ ಅಂದೆ. ಅವಳಮ್ಮ ತನ್ನ ಎರಡೆಳೆ ಸರ ಬಿಚ್ಚಿ ಕೊಟ್ಟಿದ್ದಾಳೆ. ಸೋಮವಾರ ಮೂವರೂ ಬ್ಯಾಂಕಿಗೆ ಹೋಗುತ್ತೇವೆ. ಮೂರನೇ ಚಂದ್ರಿಕೆಯ ಮೇಲೆ ಹುಳು ಬಿಟ್ಟು ಇವತ್ತಿಗೆ ಮೂರು ದಿನ, ಗುರುವಾರ ಗೂಡು ಬಿಡಿಸಬೇಕು.