ಹಳೆಯ ಲೂನಾ ಗಾಡಿಯನ್ನು ತಪಾಸಣೆಗೆ ಸಿದ್ಧಪಡಿಸುವ ಬಗೆ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮಿಲ್ಲಿನಲ್ಲಿ ಹಾಜರಿ ಬರೆಯುವ ಗುಮಾಸ್ತ, ಓದಿದ್ದು ಮ್ಯಾಟ್ರಿಕ್ಕಿನವರೆಗೆ. ಮೆಟ್ಟಿಲಿಳಿಯಲಾರದ ಹನ್ನೊಂದು ಮನೆಗಳ ಹಿರಿಯರಿಗೆ ಪ್ರತಿ ಭಾನುವಾರ ಇಲ್ಲಿಯ ಪುಸ್ತಕಗಳನ್ನು ಮುಟ್ಟಿಸುವುದು ನನ್ನ ಪಾಲಿನ ಸೇವೆ. 2025ರ ಬೇಸಗೆಯಲ್ಲಿ ಅದು ಆರು ವಾರ ನಿಂತುಹೋಯಿತು. ಕಾರ್ಯದರ್ಶಿಗಳು ಕೇಳಿದಾಗ ‘ಗಾಡಿ ರಿಪೇರಿಗಿದೆ’ ಎಂದಿದ್ದೆ. ಅದು ಪೂರ್ತಿ ನಿಜವಾಗಿರಲಿಲ್ಲ. ಗಾಡಿ ತಪಾಸಣೆಯಲ್ಲಿ ನಪಾಸಾಗಿತ್ತು, ತಪ್ಪು ನನ್ನದೇ ಆಗಿತ್ತು. ಇಂದು ಅದನ್ನೇ ಹೇಳಬೇಕೆಂದಿದ್ದೇನೆ.

ಗಾಡಿ ನಮ್ಮ ತಂದೆಯದು. 1990ರಲ್ಲಿ ಕಂತಿನ ಮೇಲೆ ಕೊಂಡ ಲೂನಾ. ಈ ಗಾಡಿ ನಮ್ಮ ಪುಣೆಯದೇ ಎಂಬುದು ತಮಗೆ ಗೊತ್ತಿದೆ. ಫಿರೋದಿಯಾ ಮನೆತನದ ಕೈನೆಟಿಕ್ ಎಂಜಿನಿಯರಿಂಗ್ ಕಂಪನಿಯವರು ಇಟಲಿಯ ಪಿಯಾಜಿಯೊ ಕಂಪನಿಯ ‘ಚಾವೊ’ ಎಂಬ ಗಾಡಿಯ ಮಾದರಿಯಲ್ಲಿ ಇದನ್ನು 1972ರಲ್ಲಿ ಹೊರತಂದರು. 50 ಸಿ.ಸಿ. ಎಂಜಿನು, ಗೇರಿಲ್ಲ, ಪೆಟ್ರೋಲು ಮುಗಿದರೆ ಸೈಕಲಿನಂತೆ ತುಳಿದುಕೊಂಡು ಮನೆ ಸೇರಬಹುದು. ಗುಮಾಸ್ತರ ಮನೆಗೆ ಎಂಜಿನು ಬಂದದ್ದು ಇದರಿಂದಲೇ ಎಂದು ನನ್ನ ಭಾವನೆ. 2024ರಲ್ಲಿ ಅದೇ ಹೆಸರಿನ ವಿದ್ಯುತ್ ಗಾಡಿ ಬಂದಿದೆ. ಅದರ ಮಾತು ಬೇರೆ.

ಸ್ವಂತ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಅನಂತರ ಐದೈದು ವರ್ಷಕ್ಕೆ ನವೀಕರಣ. ಅರ್ಜಿ 25ನೆಯ ನಮೂನೆಯಲ್ಲಿ. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಕೊಡಬಹುದು. ನಾನು ಆಲಸ್ಯದಿಂದ ಕೊನೆಯ ಮೂರು ವಾರದವರೆಗೆ ಕಾದೆ. 15 ವರ್ಷ ದಾಟಿದ ದ್ವಿಚಕ್ರದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯಿತು. ಮಹಾರಾಷ್ಟ್ರದ ಪರ್ಯಾವರಣ ಕರ ಬೇರೆ. ತರುಣ ಮಿತ್ರರೊಬ್ಬರು ‘ಇದನ್ನು ವಿಂಟೇಜ್ ಎಂದು ಬರೆಸಬಾರದೆ?’ ಎಂದು ಕೇಳಿದರು. 2021ರ ನಿಯಮದಂತೆ ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು, ಹೊಸದಾಗಿ ಬರೆಸಲು 20,000 ರೂಪಾಯಿ ಕಟ್ಟಬೇಕು. ಬರೆಸಿದ ಮೇಲೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮಗೆ ಬೇಕಾದುದು ಪ್ರದರ್ಶನದ ಗಾಡಿಯಲ್ಲ, ಪುಸ್ತಕ ಹೊರುವ ಗಾಡಿ.

ಇನ್ನು ನನ್ನ ತಪ್ಪು. ತುಕ್ಕು ಹಿಡಿದ ಗಾಡಿಯನ್ನು ಸಾಹೇಬರ ಮುಂದೆ ಒಯ್ಯಲು ನಾಚಿಕೆಯಾಯಿತು. ತಂದೆ ಕಟ್ಟೆಯ ಮೇಲಿಂದ, ‘ತಮ್ಮಾ, ಎಂಜಿನ್ನು ನೋಡು, ಬಣ್ಣದ ಉಸಾಬರಿ ಬ್ಯಾಡ’ ಅಂದರು. ನಾನು ಕೇಳಲಿಲ್ಲ. ಎರಡು ರಾತ್ರಿ ಕೂತು ತಿಕ್ಕಿ, ಪುಟ್ಟಿ ಮೆತ್ತಿ, ಹಸಿರು ಬಣ್ಣ ಹೊಡೆದೆ. ಗಾಡಿ ಮದುಮಗನಂತೆ ಕಂಡಿತು. ತಪಾಸಣೆಯ ದಿನ ಇನ್‌ಸ್ಪೆಕ್ಟರರು ಬಣ್ಣವನ್ನು ನೋಡಲೇ ಇಲ್ಲ. ಛಾಸಿ ನಂಬರು ಎಲ್ಲಿ ಎಂದರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್.ಸಿ. ಪುಸ್ತಕದೊಡನೆ ತಾಳೆ ನೋಡುತ್ತಾರೆ. ನನ್ನ ಪುಟ್ಟಿ ಅಂಕಿಗಳನ್ನೆಲ್ಲ ನುಂಗಿತ್ತು. ಹಿಂದಿನ ದೀಪವೂ ಹತ್ತಲಿಲ್ಲ. ಈ ಗಾಡಿಯಲ್ಲಿ ಬ್ಯಾಟರಿಯಿಲ್ಲ. ಮ್ಯಾಗ್ನೆಟೊದ ಕರೆಂಟು ದೀಪಕ್ಕೆ ಹೋಗಿ ಗಾಡಿಯ ಕಬ್ಬಿಣದ ಮೂಲಕವೇ ಹಿಂದಿರುಗಬೇಕು. ಸ್ಕ್ರೂ ಕೂರುವ ಜಾಗಕ್ಕೂ ಬಣ್ಣ ಬಳಿದಿದ್ದೆ, ದಾರಿ ಕಟ್ಟಾಗಿತ್ತು. ಸಾಹೇಬರು ಮಾಡಿದ್ದು ನ್ಯಾಯವೇ. ನಂಬರು ಸಿಗದ ಗಾಡಿಗೆ ಗುಜರಿಯೇ ಗತಿಯೆಂದು ಸಾಲಿನಲ್ಲಿದ್ದವರೊಬ್ಬರು ಅಂದರು. ಆ ರಾತ್ರಿ ತಂದೆಗೆ ಹೇಗೆ ಹೇಳಬೇಕೆಂದು ತಿಳಿಯದೆ ಊಟಕ್ಕೆ ತಡಮಾಡಿ ಹೋದೆ. ಅವರು ಏನೂ ಕೇಳಲಿಲ್ಲ.

ನಾನಾ ಪೇಠೆಯ ಮಿಸ್ತ್ರಿಯೊಬ್ಬರು ದಾರಿ ತೋರಿಸಿದರು. ಅರ, ಉಪ್ಪುಕಾಗದ, ತಂತಿ ಬ್ರಷ್ಷು ಯಾವುದನ್ನೂ ನಂಬರಿಗೆ ಮುಟ್ಟಿಸಬಾರದು. ಗೀರು ಬಿದ್ದರೆ ನಂಬರು ತಿದ್ದಿದ್ದಾರೆಂಬ ಸಂಶಯ ಬರುತ್ತದೆ. ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಹತ್ತಾರು ಸಲ ತಿಕ್ಕಿದೆವು. ಅಂಕಿಗಳು ಒಂದೊಂದಾಗಿ ಎದ್ದವು. ಒಂದು ಮಾತ್ರ ಮೂರೋ ಎಂಟೋ ತಿಳಿಯದು. ತಂದೆ ತಮ್ಮ ಭೂತಗನ್ನಡಿ ತಂದು, ಪೆನ್ಸಿಲ್ ಅಚ್ಚನ್ನು ಬೆಳಕಿಗೆ ಹಿಡಿದು, ‘ಎಂಟು’ ಎಂದರು. ಪುಸ್ತಕದಲ್ಲಿಯೂ ಎಂಟೇ ಇತ್ತು.

ಹೊಗೆಯ ವಿಷಯ. 2000ದ ಮಾರ್ಚಿಗೆ ಮೊದಲಿನ ದ್ವಿಚಕ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 4.5ರೊಳಗೆ, ಹೈಡ್ರೋಕಾರ್ಬನ್ 9,000 ಪಿ.ಪಿ.ಎಂ. ಒಳಗೆ ಇರಬೇಕು. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಸುಡದ ಪೆಟ್ರೋಲಿನ ಅಂಶ ಸುಟ್ಟ ಹೊಗೆಯೊಡನೆ ಹೊರಗೆ ಜಾರುತ್ತದೆ. ಅದರ ಸ್ವಭಾವವೇ ಹಾಗೆ. ನಮ್ಮ ಮನೆಯಲ್ಲಿ ‘ಎಂಜಿನಿಗೆ ಒಳ್ಳೆಯದು’ ಎಂದು ಪೆಟ್ರೋಲಿಗೆ ಒಂದು ಮುಚ್ಚಳ ಎಣ್ಣೆ ಹೆಚ್ಚಿಗೆ ಬೆರೆಸುವ ರೂಢಿ. ಅದನ್ನು ಬಿಡಬೇಕಾಯಿತು. ಗಾಳಿಯ ಫಿಲ್ಟರು ತೊಳೆದು, ಹೊಸ ಪ್ಲಗ್ಗು ಹಾಕಿ, ಸೈಲೆನ್ಸರ್ ಬಿಚ್ಚಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಇಟ್ಟರೆ ಕರಿ ಹೆಪ್ಪುಹೆಪ್ಪಾಗಿ ಬಂದಿತು. ಕಣ್ಣಿಗೆ, ಕೈಗೆ ತಗಲದಂತೆ ಎಚ್ಚರ. ಅಲ್ಯೂಮಿನಿಯಮ್ಮಿನ ಭಾಗಗಳನ್ನು ಆ ನೀರಿಗೆ ಹಾಕಲೇಬಾರದು, ತಿಂದುಹಾಕುತ್ತದೆ. ಹೊಗೆ ಪರೀಕ್ಷೆಗೆ ಎಂಜಿನು ಕಾದ ಮೇಲೆಯೇ ಹೋಗಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಟೈರಿನ ಗೆರೆ 0.8 ಮಿಲಿಮೀಟರಿಗೆ ಕಡಿಮೆಯಿರಬಾರದು. ಬ್ರೇಕಿನ ಕೇಬಲ್ ಬದಲಿಸಿರಿ, ಅಗ್ಗದ ವಸ್ತು. ಹಾರ್ನು, ಹಿಂದಿನ ಕೆಂಪು ಬಿಲ್ಲೆ, ವಿಮೆ, 2019ಕ್ಕೆ ಮೊದಲಿನ ಗಾಡಿಗಳಿಗೂ ಕಡ್ಡಾಯವಾದ ಹೊಸ ನಂಬರ್ ಪ್ಲೇಟು ಇವನ್ನು ಮರೆಯಬಾರದು.

ಜೂನ್ ಕೊನೆಗೆ, ಜಿಟಿಜಿಟಿ ಮಳೆಯಲ್ಲಿ, ಎರಡನೆಯ ತಪಾಸಣೆ. ಇನ್‌ಸ್ಪೆಕ್ಟರರು ಅಚ್ಚು ತೆಗೆದು, ದೀಪ ಹಾಕಿಸಿ, ಬ್ರೇಕು ಹಿಡಿಸಿ ಸಹಿ ಮಾಡಿದರು. ನಂಬರಿನ ಸುತ್ತ ಅಂಗೈಯಗಲ ಹಸಿರು ಬಣ್ಣ ಹೋಗಿದೆ. ಅದನ್ನು ಹಾಗೆಯೇ ಬಿಟ್ಟು ಎಣ್ಣೆ ಸವರಿದ್ದೇನೆ. ಮುಂದಿನ ಭಾನುವಾರ ರಾಸ್ತಾ ಪೇಠೆಯ ಅಜ್ಜಿಯ ಮನೆಗೆ ಆರು ವಾರದ ‘ಸುಧಾ’ ಒಟ್ಟಿಗೆ ಒಯ್ದೆ. ‘ಇಷ್ಟು ದಿನ ಎಲ್ಲಿದ್ಯೋ?’ ಎಂದು ಬೈದು, ಚಹಾ ಕೊಟ್ಟರು.

ಗಾಡಿ ಕೆಳಗೆ ನಿಂತಿದೆ. ನಂಬರು ಎಲ್ಲಿರುತ್ತದೆಂದು ನೋಡಬಯಸುವವರು ಸಭೆ ಮುಗಿದ ಮೇಲೆ ಬರಬಹುದು.