ಒಂದೇ ವೈರಸ್ಸು, ಬೇರೆ ಬೇರೆ ತಳಿ

1957ರಲ್ಲಿ ಉಗಾಂಡದ ಕಂಪಾಲಾ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಒಬ್ಬ ಪುಟ್ಟ ಬಾಲಕನನ್ನು ಪರೀಕ್ಷಿಸಿದರು. ಅವನ ದವಡೆಗಳು ಎಡಬಲಗಳಲ್ಲಿಯೂ, ಮೇಲೂ ಕೆಳಗೂ ಬಾತುಕೊಂಡು ಮುಖದ ಆಕಾರವೇ ಕೆಟ್ಟಿತ್ತು. ಕೆಲವು ವಾರಗಳ ತರುವಾಯ ಜಿಂಜಾ ಎಂಬ ಊರಿನಲ್ಲಿ ಅದೇ ಬಗೆಯ ಊತವುಳ್ಳ ಮತ್ತೊಂದು ಮಗು ಅವರ ಕಣ್ಣಿಗೆ ಬಿತ್ತು. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟಿ ಅತಿ ವೇಗವಾಗಿ ಬೆಳೆಯುವ ಈ ಕ್ಯಾನ್ಸರಿಗೆ ಇಂದು ಬರ್ಕಿಟ್ ಲಿಂಫೋಮ ಎಂದೇ ಹೆಸರು.

1961ರಲ್ಲಿ ಬರ್ಕಿಟ್ ಇಬ್ಬರು ಸಂಗಡಿಗರೊಡನೆ ಹಳೆಯ ಮೋಟಾರು ಗಾಡಿಯೊಂದರಲ್ಲಿ ಸುಮಾರು 10,000 ಮೈಲಿ ಸುತ್ತಿದರು. ಸೆಕೆಯೂ ಮಳೆಯೂ ಹೆಚ್ಚಾಗಿ, ಮಲೇರಿಯಾ ಬಿಡದೆ ಕಾಡುವ ತಗ್ಗುನಾಡುಗಳಲ್ಲಿಯೇ ಈ ರೋಗ ಹೆಚ್ಚೆಂದು ತಿಳಿಯಿತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಉಪನ್ಯಾಸವನ್ನು ಕೇಳಿದ ಆಂಟನಿ ಎಪ್‌ಸ್ಟೀನ್, ಇದರ ಹಿಂದೆ ವೈರಸ್ಸೊಂದು ಇರಬೇಕೆಂದು ಊಹಿಸಿದರು. 1964ರಲ್ಲಿ ಅವರೂ ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಅವರೂ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಆದರೆ ತೊಡಕು ಅಲ್ಲಿಂದಲೇ ಮೊದಲಾಯಿತು. ಈ ಎಪ್‌ಸ್ಟೀನ್-ಬಾರ್ ವೈರಸ್ಸು ಲೋಕದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಜೀವಮಾನವೆಲ್ಲ ತಣ್ಣಗೆ ಮನೆಮಾಡಿಕೊಂಡಿರುತ್ತದೆ. ಎಲ್ಲರಲ್ಲಿಯೂ ಇರುವ ವಸ್ತು ಎಲ್ಲೋ ಒಂದು ಮಗುವಿನ ಪಾಲಿಗೆ ಮಾತ್ರ ಮೃತ್ಯುವಾಗುವುದೇಕೆ?

ರಾಗಿಯಲ್ಲಿ ತಳಿಗಳಿರುವಂತೆ ವೈರಸ್ಸಿನಲ್ಲಿಯೂ ತಳಿಗಳುಂಟು. ಈ ವೈರಸ್ಸಿನಲ್ಲಿ ಮುಖ್ಯವಾದ ಎರಡು ಬಗೆಗಳಿವೆಯೆಂದು 1980ರ ದಶಕದಲ್ಲಿ ಗೊತ್ತಾಯಿತು. ಮೊದಲನೆಯದು ಲೋಕದ ಎಲ್ಲೆಡೆ ಇದೆ. ಎರಡನೆಯದು ಆಫ್ರಿಕದಲ್ಲಿ ಹೆಚ್ಚು. ಲಿಂಫೋಸೈಟುಗಳನ್ನು ಎಡೆಬಿಡದೆ ವೃದ್ಧಿಯಾಗುವಂತೆ ಮಾಡುವ ಶಕ್ತಿ ಮೊದಲನೆಯದಕ್ಕೆ ಅಧಿಕ. ಪಶ್ಚಿಮ ಕೆನ್ಯದ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಗ್ರಸ್ತ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿನವರಲ್ಲಿ ಮೊದಲನೆಯ ಬಗೆ ಕಂಡುಬಂದಿತು. ಆರೋಗ್ಯವಂತ ಮಕ್ಕಳಲ್ಲಿ ಅದು ಅರ್ಧಕ್ಕಿಂತ ಕಡಿಮೆಯಿತ್ತು.

ಹಾಗೆಂದು ಎಲ್ಲ ಹೊಣೆಯನ್ನೂ ತಳಿಯ ಮೇಲೆ ಹೊರಿಸಲಾಗದು. ಎರಡನೆಯ ಬಗೆಯೂ ಗಡ್ಡೆಗಳಲ್ಲಿ ದೊರೆತಿದೆ. ಬೀಜ ಒಂದರಿಂದಲೇ ಬೆಳೆಯಾಗುವುದಿಲ್ಲ, ನೆಲವೂ ಹದವಾಗಬೇಕು. ಮತ್ತೆ ಮತ್ತೆ ಬರುವ ಮಲೇರಿಯಾ ಲಿಂಫೋಸೈಟುಗಳನ್ನು ಕೆಣಕುತ್ತಲೇ ಇರುತ್ತದೆ. ಅಂಥ ಒಂದು ಕಣದಲ್ಲಿ 8ನೆಯ ವರ್ಣತಂತುವಿನ ತುಂಡು, ಸಾಮಾನ್ಯವಾಗಿ 14ನೆಯದಕ್ಕೆ, ತಪ್ಪಿ ಅಂಟಿಕೊಂಡಾಗ, ಬೆಳವಣಿಗೆಯನ್ನು ನಡೆಸುವ ಮಿಕ್ ಎಂಬ ಜೀನಿಗೆ ಕಡಿವಾಣ ಕಳಚುತ್ತದೆ.

ತಳಿಯ ವಿಚಾರ ಬರಿಯ ಪಾಂಡಿತ್ಯದ ಮಾತಲ್ಲ. 1984ರಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಓದಲಾದ ಈ ವೈರಸ್ಸಿನ ಡಿಎನ್‌ಎ ಆಫ್ರಿಕದ ಮಗುವಿನದಲ್ಲ. ಗ್ರಂಥಿಜ್ವರ ಬಂದಿದ್ದ ಅಮೆರಿಕದ ರೋಗಿಯೊಬ್ಬನಿಂದ ಬಂದ ತಳಿಯದು. ಬಹುಕಾಲ ಅದೇ ಎಲ್ಲಕ್ಕೂ ಅಳತೆಗೋಲಾಗಿತ್ತು. ಇಂದು ಲಸಿಕೆಗಳು ಮನುಷ್ಯರ ಮೇಲಿನ ಪ್ರಾಥಮಿಕ ಪರೀಕ್ಷೆಯನ್ನು ಮುಟ್ಟಿವೆ. ಅವು ಯಾರನ್ನು ಕಾಯಬೇಕೋ ಆ ಮಕ್ಕಳಲ್ಲಿರುವ ತಳಿಗಳನ್ನೂ ಬಲ್ಲವಾಗಿರಬೇಕಲ್ಲವೆ?

ಲಸಿಕೆ ಬರುವವರೆಗೆ ಔಷಧವಂತೂ ಇದೆ. ಸಂಪನ್ನ ರಾಷ್ಟ್ರಗಳಲ್ಲಿ ಈ ರೋಗ ತಗುಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಗುಣ ಹೊಂದುತ್ತಾರೆ. ಆಫ್ರಿಕದ ಹಳ್ಳಿಗಳಲ್ಲಿ ಅಷ್ಟು ಮಂದಿ ಉಳಿಯುತ್ತಿಲ್ಲ. ಆ ವ್ಯತ್ಯಾಸಕ್ಕೆ ಕಾರಣ ವೈರಸ್ಸಿನ ತಳಿಯಲ್ಲ. ಮಗುವಿಗೂ ಆಸ್ಪತ್ರೆಗೂ ನಡುವೆ ಇರುವ ದೂರ.